ಪಿ.ಟಿ. ಮೇಷ್ಟ್ರಿಗೆ ಎಂಬತ್ತು ಪರ್ಸೆಂಟ್

ಮಂಜುನಾಥಪ್ಪ ಹೊಸನಗರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ವಯಸ್ಸು ಐವತ್ತು ದಾಟಿದೆ. ಈಗಲೂ ಬೆಳಿಗ್ಗೆ ಮಕ್ಕಳಿಗಿಂತ ಮುಂಚೆ ಮೈದಾನದಲ್ಲಿರುತ್ತಾರೆ. ಕಬಡ್ಡಿ ಅಂಕಣದ ಗೆರೆಗೆ ತಾವೇ ಸುಣ್ಣ ಹಾಕುತ್ತಾರೆ. ಹುಡುಗಿಯರ ತಂಡಕ್ಕೆ ರೈಡ್ ಹೋಗುವುದು ಹೇಗೆಂದು ಬಾಯಲ್ಲಿ ಹೇಳುವುದಿಲ್ಲ, ಪ್ಯಾಂಟು ಮಡಚಿ ಉಸಿರು ಕಟ್ಟಿ ಹೋಗಿಯೇ ತೋರಿಸುತ್ತಾರೆ. ಅವರ ಕಾಲು ಹಿಡಿದು ನಿಲ್ಲಿಸುವ ಮಗು ಆ ಶಾಲೆಗೆ ಇನ್ನೂ ಬಂದಿಲ್ಲ ಎಂದು ಸಹೋದ್ಯೋಗಿಗಳು ತಮಾಷೆ ಮಾಡುವುದುಂಟು.

ಅಂಥ ಮನುಷ್ಯ ತಮಗೆ ತೀವ್ರ ಅಂಗವೈಕಲ್ಯ ಇದೆ ಎಂಬ ಸಂಗತಿಯನ್ನು ಕಳೆದ ಅಕ್ಟೋಬರಿನಲ್ಲಿ, ಸಾಗರದ ಒಂದು ಸಣ್ಣ ಕಚೇರಿಯಲ್ಲಿ ಕೂತು ಮೊದಲ ಸಲ ಕೇಳಿದರು.

ಅವರು ಅಲ್ಲಿಗೆ ಹೋಗಿದ್ದು ರಿಫಂಡ್ ಬರಲಿಲ್ಲ ಎಂದು. ಹಿಂದಿನ ಎರಡು ವರ್ಷ ಸಂಬಳದಲ್ಲಿ ಹಿಡಿದ ತೆರಿಗೆಯಲ್ಲಿ ದೊಡ್ಡ ಪಾಲು ಮಳೆಗಾಲ ಮುಗಿಯುವುದರೊಳಗೆ ಖಾತೆಗೆ ವಾಪಸ್ ಬಂದಿತ್ತು. ಈ ಸಲ ಬರಲಿಲ್ಲ. ರಿಟರ್ನ್ ಹಾಕಿಕೊಟ್ಟ ತೀರ್ಥಹಳ್ಳಿಯ ಶ್ರೀಕಾಂತನಿಗೆ ಫೋನ್ ಮಾಡಿದರೆ, "ಸರ್ವರ್ ಪ್ರಾಬ್ಲಂ ಸರ್, ಬರುತ್ತೆ" ಎನ್ನುತ್ತಿದ್ದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಹೆಂಡತಿ ಯಶೋಧಾ, "ಸಾಗರದಲ್ಲಿ ಚೈತನ್ಯಾ ಅಂತ ಒಬ್ರು ಇದಾರಂತೆ, ಬ್ಯಾಂಕಿನವ್ರೆಲ್ಲ ತೆರಿಗೆ ಲೆಕ್ಕ ಅವ್ರ ಹತ್ರಾನೇ ಮಾಡಿಸ್ತಾರಂತೆ. ಒಂದ್ಸಲ ತೋರಿಸ್ಕಂಡ್ ಬನ್ನಿ" ಎಂದಳು. ಮೇಷ್ಟ್ರು ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಸಾಗರದ ಬಸ್ಸು ಹತ್ತಿದರು.

ಚೈತನ್ಯಾ ಮೂವತ್ತರ ಆಸುಪಾಸಿನ ಹೆಂಗಸು. ಆದಾಯ ತೆರಿಗೆಯ ವೆಬ್‌ಸೈಟಿಗೆ ಲಾಗಿನ್ ಆಗಲು ನೋಡಿದಳು, ಆಗಲಿಲ್ಲ. ಪಾಸ್‌ವರ್ಡ್ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆಧಾರ್ ಓಟಿಪಿ ತರಿಸಿ ಹೊಸ ಪಾಸ್‌ವರ್ಡ್ ಇಟ್ಟಳು.

"ಸರ್, ಇಲ್ಲಿರೋ ಇಮೇಲ್ ನಿಮ್ದಾ?"

ಮೇಷ್ಟ್ರು ಬಗ್ಗಿ ನೋಡಿದರು. ಅಲ್ಲ. ಅದು ಶ್ರೀಕಾಂತನ ಕಚೇರಿಯ ಇಮೇಲ್. ಫೋನ್ ನಂಬರೂ ಅವನದೇ.

"ಹಂಗಾದ್ರೆ ಇಲಾಖೆಯಿಂದ ಬಂದ ಮೆಸೇಜ್ ಒಂದೂ ನಿಮಗೆ ತಲುಪಿಲ್ಲ. ನೀವು ತೋರಿಸಿದ ವಿನಾಯಿತಿಗಳ ಬಗ್ಗೆ ಅನುಮಾನ ಇದೆ, ಪರಿಶೀಲಿಸಿ ಸರಿಪಡಿಸಿಕೊಳ್ಳಿ ಅಂತ ಎರಡು ಸಲ ಕಳಿಸಿದಾರೆ. ರಿಫಂಡ್ ತಡೆದಿರೋದು ಅದಕ್ಕೇ."

"ಎಂತ ವಿನಾಯಿತಿ?"

ಚೈತನ್ಯಾ ರಿಟರ್ನಿನ ಪ್ರತಿಯನ್ನು ತೆರೆದು ಓದುತ್ತ ಹೋದಳು. ಒಂದು ಕಡೆ ಓದು ನಿಲ್ಲಿಸಿ ಮೇಷ್ಟ್ರ ಮುಖ ನೋಡಿದಳು. ಅವರ ಕೈಕಾಲು ನೋಡಿದಳು. ಮತ್ತೆ ಪರದೆ ನೋಡಿದಳು.

"ಸರ್, ಹಿಂಗೆ ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ನಿಮಗೆ ಏನಾದ್ರೂ ತೊಂದ್ರೆ ಇದ್ಯಾ? ಕಣ್ಣು, ಕಿವಿ, ಕಾಲು…"

"ಇಲ್ವಲ್ಲ. ನಾನು ಪಿ.ಟಿ. ಮೇಷ್ಟ್ರು."

"ಇಲ್ಲಿ ನಿಮಗೇ ತೀವ್ರ ಅಂಗವೈಕಲ್ಯ ಅಂತ ತೋರಿಸಿದೆ. ತೀವ್ರ ಅಂದ್ರೆ ಎಂಬತ್ತು ಪರ್ಸೆಂಟ್ ಮೇಲೆ. ಪ್ರಮಾಣಪತ್ರದ ನಂಬರೂ ಹಾಕಿದಾರೆ."

ಮೇಷ್ಟ್ರಿಗೆ ಮೊದಲು ನಗು ಬಂತು. ಬೇರೆ ಯಾರದ್ದೋ ಕಾಗದ ತೆರೆದಿದ್ದಾಳೆ ಎಂದುಕೊಂಡರು. ಚೈತನ್ಯಾ ಪರದೆಯನ್ನು ಅವರತ್ತ ತಿರುಗಿಸಿದಳು. ಮೇಲೆ ಅವರದೇ ಹೆಸರು, ಅವರದೇ ಪ್ಯಾನ್ ನಂಬರು. ನಗು ಅಲ್ಲೇ ಒಣಗಿತು. ತಮಗರಿವಿಲ್ಲದೆಯೇ ಕೈ ಮೊಣಕಾಲಿನ ಮೇಲೆ ಹೋಗಿ ಅದನ್ನು ಒತ್ತಿ ನೋಡಿತು.

"ಇನ್ನೊಂದಿದೆ ಸರ್. ಒಂದು ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಟ್ಟಿದೀರಿ ಅಂತಲೂ ಇದೆ."

ಆ ಪಕ್ಷದ ಹೆಸರನ್ನು ಮೇಷ್ಟ್ರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೆ ಸರ್ಕಾರಿ ನೌಕರ ಯಾವ ಪಕ್ಷಕ್ಕೂ ದೇಣಿಗೆ ಕೊಡುವಂತಿಲ್ಲ ಎನ್ನುವುದು ಗೊತ್ತಿತ್ತು. ಇಪ್ಪತ್ತೈದು ವರ್ಷದ ನೌಕರಿ ಕಣ್ಣ ಮುಂದೆ ಬಂತು. ಅಂಗವಿಕಲ ಎಂದರೆ ಪಿ.ಟಿ. ಮೇಷ್ಟ್ರಾಗಿದ್ದು ಹೇಗೆ ಎಂದು ಕೇಳುತ್ತಾರೆ. ಅಲ್ಲ ಎಂದರೆ ಸುಳ್ಳು ಬರೆದದ್ದು ಯಾಕೆ ಎಂದು ಕೇಳುತ್ತಾರೆ. ನೀರು ಕೇಳಿ ಕುಡಿದರು.

ಶ್ರೀಕಾಂತ ಅವರಿಗೆ ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿ ಕ್ರೀಡಾಕೂಟ ನಡೆದಾಗ. ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಮೇಷ್ಟ್ರುಗಳು ಊಟಕ್ಕೆ ಕೂತಲ್ಲಿಗೆ ಬಂದು, "ಸರ್ಕಾರ ಹಿಡ್ಕೊಂಡಿರೋದು ನಿಮ್ಮ ದುಡ್ಡೇ ಅಲ್ವಾ ಸರ್? ಕೇಳಿದವ್ರಿಗೆ ಕೊಡ್ತಾರೆ, ಕೇಳದವ್ರಿಗೆ ಇಲ್ಲ. ಎಲ್ಲಾ ಲೀಗಲ್ಲೇ" ಎಂದಿದ್ದ. ಬಂದ ರಿಫಂಡಿನಲ್ಲಿ ಅವನಿಗೊಂದು ಪಾಲು. ಏನು ಬರೆಯುತ್ತೀಯ ಎಂದು ಮೇಷ್ಟ್ರು ಕೇಳಲಿಲ್ಲ. ಕೇಳಬೇಕು ಅನ್ನಿಸಿದ್ದು ನಿಜ, ಆದರೆ ದುಡ್ಡು ಬಂದ ಮೇಲೆ ಆ ಅನಿಸಿಕೆ ಹೋಯಿತು. ಶಾಲೆಯಲ್ಲಿ ಹೇಳಿದರು. ಗಣಿತದ ಜಯಪ್ಪ ಮೇಷ್ಟ್ರು, ಇನ್ನೂ ನಾಲ್ಕೈದು ಜನ ಅವರ ಮಾತು ನಂಬಿ ಶ್ರೀಕಾಂತನ ಹತ್ತಿರ ಹೋದರು.

ಸಾಗರದಿಂದ ಮೇಷ್ಟ್ರು ಮನೆ ಸೇರುವಾಗ ಸಂಜೆಯಾಗಿತ್ತು. ಅಡುಗೆಮನೆಯಲ್ಲಿ ನಿಂತೇ ಯಶೋಧಾಳಿಗೆ ಎಲ್ಲ ಹೇಳಿದರು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಲ್ಲಿದ್ದದ್ದು ಅಕ್ಕ ಕೆರಿಯಮ್ಮ. ಮೇಷ್ಟ್ರಿಗಿಂತ ಆರು ವರ್ಷ ದೊಡ್ಡವಳು. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿಹೋಗಿತ್ತು. ಮದುವೆಯಾಗಿರಲಿಲ್ಲ. ಕೋಲು ಊರಿಕೊಂಡು ಬಾಗಿಲಿಗೆ ಬಂದು ನಿಂತಳು.

"ಎಂತ ಆತು ತಮಾ? ಯಾರಿಗೆ ಅಂಗವೈಕಲ್ಯ?"

"ನಂಗೇ ಅಂತ ಬರ್ದಾನೆ ಅಕ್ಕಾ. ತೆರಿಗೆ ವಾಪಸ್ ಬರ್ಲಿ ಅಂತ."

"ಎಂತ ಅಂತ ಬರ್ದಾನೆ? ಕಾಲಾ?"

"ಅದೆಲ್ಲ ಬರ್ದಿಲ್ಲ."

"ಈ ಮನೇಲಿ ಹಂಗಿರೋದು ನನ್ನ ಕಾಲೊಂದೇ. ಅದ್ನೂ ನಿನ್ನ ಹೆಸ್ರಿಗೆ ಬರ್ಸ್ಕಂಡ್ಯಾ?"

ಯಶೋಧಾ "ಅತ್ಗೇ…" ಎಂದು ಏನೋ ಹೇಳಹೊರಟಳು. ಕೆರಿಯಮ್ಮ ಕೈ ಅಡ್ಡ ಹಿಡಿದಳು.

"ಶಿವಮೊಗ್ಗಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸಿ ಒಂದು ಅಂಗವಿಕಲರ ಕಾರ್ಡ್ ಮಾಡ್ಸಾಣ ಅಂತ ನಿಂಗೆ ಎಷ್ಟು ಸಲ ಹೇಳ್ದೆ? ಕ್ರೀಡಾಕೂಟ ಅಂದೆ, ಪರೀಕ್ಷೆ ಅಂದೆ, ರಜೆ ಇಲ್ಲ ಅಂದೆ. ನಂಗೆ ಇಷ್ಟು ವರ್ಷ ಆಗ್ದೇ ಇದ್ದಿದ್ದು ನಿಂಗೆ ತೀರ್ಥಳ್ಳೀಲಿ ಕೂತಲ್ಲೇ ಆಗೋತು."

ಅಷ್ಟು ಹೇಳಿ ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಬರಲಿಲ್ಲ. ನೌಕರಿ ಹೋದೀತೆಂಬ ಹೆದರಿಕೆಯಲ್ಲಿದ್ದ ಮೇಷ್ಟ್ರಿಗೆ ಈ ಮಾತು ಅದಕ್ಕಿಂತ ಜೋರಾಗಿ ಬಡಿಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸೋಮವಾರ ರಜೆ ಹಾಕಿ ತೀರ್ಥಹಳ್ಳಿಗೆ ಹೋದರು. ಶ್ರೀಕಾಂತ ಓಡಿಹೋಗಿರುತ್ತಾನೆ ಎಂದುಕೊಂಡಿದ್ದರು. ಅವನು ಕಚೇರಿಯಲ್ಲೇ ಇದ್ದ. ಎದ್ದು ನಿಂತು ನಮಸ್ಕಾರ ಮಾಡಿ, "ಟೀ ಹೇಳ್ಲಾ ಸರ್?" ಎಂದ.

"ನಂಗೆ ಅಂಗವೈಕಲ್ಯ ಅಂತ ಬರ್ದೀಯಲ್ಲೋ! ನಾನು ಪಿ.ಟಿ. ಮೇಷ್ಟ್ರು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಸರ್. ಆದ್ರೆ ರಿಟರ್ನಲ್ಲಿ ಪಿ.ಟಿ. ಮೇಷ್ಟ್ರು ಅಂತ ಎಲ್ಲೂ ಬರೋದಿಲ್ಲ. ರಾಜ್ಯ ಸರ್ಕಾರಿ ನೌಕರ ಅಂತ ಅಷ್ಟೇ." ಅವನ ದನಿಯಲ್ಲಿ ಅಳುಕಿರಲಿಲ್ಲ. "ಮತ್ತೆ ಸರ್, ಓಟಿಪಿ ಕೊಟ್ಟಿದ್ದು ನೀವು. ಅದು ನಿಮ್ಮ ಸಹಿ ಇದ್ದಂಗೆ. ದುಡ್ಡು ಬಂದಿದ್ದು ನಿಮ್ಮ ಖಾತೆಗೆ. ನಂದು ಬರೀ ಟೈಪಿಂಗ್."

ಕಬಡ್ಡಿಯಲ್ಲಿ ಎಷ್ಟೋ ಜನರನ್ನು ಕೆಡವಿದ ಕೈ ಆಗ ಬಿಗಿಯಾಯಿತು. ಹೊಡೆದರೆ ಇನ್ನೊಂದು ಕೇಸು. ಮೇಷ್ಟ್ರು ಮೆಟ್ಟಿಲಿಳಿದು ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರು. ಹೊಸನಗರದ ಒಂದು ಬಸ್ಸು ಎದುರಿನಿಂದಲೇ ಹೋಯಿತು, ಅವರು ನೋಡಲಿಲ್ಲ.

ಮರುದಿನ ಜಯಪ್ಪನವರನ್ನು ಮೈದಾನದ ಮೂಲೆಗೆ ಕರೆದು ವಿಷಯ ಹೇಳಿದರು. ಜಯಪ್ಪ ಮೊದಲು ನಂಬಲಿಲ್ಲ. ಅಲ್ಲೇ ಮರದ ಕೆಳಗೆ ಓಟಿಪಿ ತರಿಸಿಕೊಂಡು ಮೊಬೈಲಿನಲ್ಲಿ ತಮ್ಮ ರಿಟರ್ನ್ ತೆರೆದರು. ಅದರಲ್ಲಿ ಅಂಗವೈಕಲ್ಯ ಇರಲಿಲ್ಲ. ಹೆಂಡತಿಯ ಕ್ಯಾನ್ಸರ್ ಚಿಕಿತ್ಸೆಗೆ ಖರ್ಚು ಮಾಡಿದ್ದಾಗಿ ಇತ್ತು. ಜಯಪ್ಪನವರ ಹೆಂಡತಿ ಗಟ್ಟಿಮುಟ್ಟಾಗಿದ್ದರು, ಹಿಂದಿನ ವಾರವಷ್ಟೇ ಇಕ್ಕೇರಿ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಿದ್ದರು. ಜಯಪ್ಪ ಆ ಶಬ್ದವನ್ನು ಬಾಯಿಬಿಟ್ಟು ಓದಲೂ ಆಗದೆ ಮೊಬೈಲನ್ನು ಮೇಷ್ಟ್ರ ಕೈಗೆ ಕೊಟ್ಟರು.

"ನಿನ್ನ ಮಾತು ಕಟ್ಕಂಡು ಹೋದೆ ಮಾರಾಯ" ಎಂದರು, "ಅವಳಿಗೆ ಇದ್ನ ಹೆಂಗೆ ಹೇಳ್ಲಿ?"

ಶ್ರೀಕಾಂತನಿಂದ ಮಾಡಿಸಿದವರೆಲ್ಲ ಸೇರಿ ಚೈತನ್ಯಾಳ ಹತ್ತಿರ ಹೋದರು. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ಈ ವರ್ಷದ್ದನ್ನು ಡಿಸೆಂಬರಿನೊಳಗೆ ತಿದ್ದಿ ಮತ್ತೆ ಹಾಕಬಹುದು. ಹಿಂದಿನ ಎರಡು ವರ್ಷದ್ದಕ್ಕೆ ಅಪ್‌ಡೇಟೆಡ್ ರಿಟರ್ನ್ ಹಾಕಬೇಕು, ಬಂದ ರಿಫಂಡನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು, ಅದರ ಮೇಲೆ ಇನ್ನಷ್ಟು ತೆರಿಗೆ ಸೇರುತ್ತದೆ. "ನೋಟಿಸ್ ಬರೋ ಮುಂಚೆ ನಾವೇ ಹೋದ್ರೆ ಇಷ್ಟರಲ್ಲಿ ಮುಗಿಯುತ್ತೆ. ಕಾದು ನೋಡೋಣ ಅಂದ್ರೆ ದಂಡ ಎಷ್ಟಾಗುತ್ತೆ ಅಂತ ನಾನು ಹೇಳಲಾರೆ" ಎಂದಳು. ಶ್ರೀಕಾಂತನಿಗೆ ಕೊಟ್ಟ ಪಾಲಂತೂ ಹೋದದ್ದೇ. ಮೇಷ್ಟ್ರು ಪಿ.ಎಫ್.ನಿಂದ ಸಾಲ ತೆಗೆದು ಕಟ್ಟಿದರು. ದೇಣಿಗೆಯ ವಿಷಯವನ್ನು ಮುಚ್ಚಿಡಲು ಮನಸ್ಸಾಗದೆ ಮುಖ್ಯೋಪಾಧ್ಯಾಯಿನಿಗೆ ಬರೆದು ಕೊಟ್ಟರು. ಅವರು ಓದಿ, ಕನ್ನಡಕ ತೆಗೆದು, "ಇದ್ನ ನಾನು ಯಾರಿಗೆ ಕಳಿಸ್ಲಿ ಮಂಜುನಾಥಪ್ಪನೋರೇ?" ಎಂದರು. ಕಳಿಸಿದ್ದಾರೋ ಇಲ್ಲವೋ ಇವರಿಗೆ ಇವತ್ತಿಗೂ ಗೊತ್ತಿಲ್ಲ. ಈ ತನಕ ಮೇಲಿನಿಂದ ಏನೂ ಬಂದಿಲ್ಲ. ಅಂಚೆಯವನು ಶಾಲೆಯ ಗೇಟಿನಲ್ಲಿ ಕಂಡರೆ ಮಾತ್ರ ಸೀಟಿ ಊದುವುದನ್ನು ನಿಲ್ಲಿಸಿ ಅತ್ತಲೇ ನೋಡುತ್ತಾರೆ. ತೀರ್ಥಹಳ್ಳಿ ಠಾಣೆಯಲ್ಲಿ ದೂರು ಕೊಟ್ಟರು. ಬರೆದುಕೊಳ್ಳುತ್ತಿದ್ದ ಪೊಲೀಸಿನವನು ಪೆನ್ನು ನಿಲ್ಲಿಸಿ, "ಅವ್ನು ನಮ್ಮಲ್ಲೂ ಮೂವರ ರಿಟರ್ನ್ ಮಾಡಿದಾನೆ ಸಾರ್" ಎಂದ.

ಅಕ್ಕನಿಗೆ ಕಾರ್ಡ್ ಮಾಡಿಸಲು ಮೇಷ್ಟ್ರು ನವೆಂಬರಿನಲ್ಲಿ ಎರಡು ದಿನ ರಜೆ ಹಾಕಿದರು. ಕೆರಿಯಮ್ಮ ಅವರ ಜೊತೆ ಹೊರಡಲಿಲ್ಲ. "ನಂಗೆ ಯಶೋಧಾ ಸಾಕು" ಎಂದಳು. ಹೆಂಗಸರಿಬ್ಬರೇ ಶಿವಮೊಗ್ಗಕ್ಕೆ ಮೂರು ಸಲ ಓಡಾಡಿ, ಸಾಲಿನಲ್ಲಿ ನಿಂತು, ಡಾಕ್ಟರಿಗೆ ತೋರಿಸಿ ಬಂದರು. ಮಾರ್ಚಿನಲ್ಲಿ ಕಾರ್ಡ್ ಬಂತು. ತಮ್ಮನ ಜೊತೆ ಮಾತು ಮಾತ್ರ ಬೇಕಾದಷ್ಟಕ್ಕೇ ನಿಂತಿತ್ತು, ನೀರು ಬಂತು, ಹಾಲಿನವ ಬಂದ, ಅಷ್ಟೇ.

ಜೂನಿನಲ್ಲಿ ಸಂಬಳ, ತೆರಿಗೆಯ ಲೆಕ್ಕವಿದ್ದ ಫಾರಂ ಹದಿನಾರು ಹಿಡಿದು ಮೇಷ್ಟ್ರು ಮತ್ತೆ ಸಾಗರಕ್ಕೆ ಹೋದರು. ಪ್ರತಿ ಸಾಲಿನ ಅರ್ಥ ಕೇಳಿ ಕೇಳಿ ಚೈತನ್ಯಾಳಿಗೆ ಸಾಕುಸಾಕಾಯಿತು. ನಡುವೆ ಅವಳೇ ನೆನಪು ಮಾಡಿದಳು.

"ನಿಮ್ಮ ಅಕ್ಕನಿಗೆ ಕಾರ್ಡ್ ಬಂದಿದೆ ಅಂದ್ರಲ್ಲ ಸರ್. ಅವ್ರು ನಿಮ್ಮನ್ನೇ ಅವಲಂಬಿಸಿದ್ರೆ ಅದಕ್ಕೆ ನಿಮಗೆ ವಿನಾಯಿತಿ ಉಂಟು. ಇದು ನಿಜವಾದ್ದೇ. ಹಾಕ್ಲಾ?"

ಮೇಷ್ಟ್ರು ಹೂಂ ಎನ್ನಲು ಬಾಯಿ ತೆರೆದವರು ನಿಂತರು. ಹೊರಗೆ ಹೋಗಿ ಮನೆಗೆ ಫೋನ್ ಮಾಡಿದರು. ವಿಷಯ ಹೇಳಿ, "ಹಾಕ್ಲಾ ಅಕ್ಕಾ?" ಎಂದು ಕೇಳಿದರು.



"ನಾನು ನಿನ್ನ ಅನ್ನ ತಿಂದ್ಕಂಡು ಇದೀನಿ ಅಂತ ಬರಿಬೇಕಾ?"

"ಹಂಗೇ ಆಗ್ತದೆ."

"ಹಂಗಿಲ್ಲ ತಮಾ. ಊರಿನ ಅರ್ಧ ಮಕ್ಕಳ ಯೂನಿಫಾರಂ ಹೊಲ್ದಿದ್ದು ನಾನು. ಅಕ್ಕಿ, ಬೇಳೆಗೆ ತಿಂಗ್ಳಾ ತಿಂಗ್ಳಾ ಯಶೋಧಾನ ಕೈಗೆ ಕೊಡ್ತೀನಿ. ನಿಂಗೆ ಗೊತ್ತಿಲ್ವಾ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅಕ್ಕ ಹೊಲಿಯುವುದು ಹೊತ್ತು ಕಳೆಯಲಿಕ್ಕೆ ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

"ಬರಿಬೇಡ" ಎಂದಳು ಕೆರಿಯಮ್ಮ. ಆಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ, "ಊಟ ಆತಾ ನಿಂದು?" ಎಂದು ಕೇಳಿದಳು.

ಆಗಿರಲಿಲ್ಲ. ಮೇಷ್ಟ್ರು ಒಳಗೆ ಬಂದು ಆ ಸಾಲನ್ನು ಖಾಲಿ ಬಿಡಲು ಹೇಳಿದರು. ಈ ಸಲ ರಿಫಂಡ್ ಏನೂ ಇರಲಿಲ್ಲ. ಇವರೇ ಇನ್ನೂ ಸ್ವಲ್ಪ ಕಟ್ಟಬೇಕಾಗಿತ್ತು, ಅಲ್ಲೇ ಕಟ್ಟಿ, ಊಟಕ್ಕೆ ಹೋಟೆಲ್ ಹುಡುಕಿಕೊಂಡು ಹೊರಟರು.