ಎದುರಿಗೆ ಕೂತವರ ಎಡ

ನಮ್ಮಣ್ಣನನ್ನು ಆಫೀಸಿನಲ್ಲಿ ಎಲ್ಲರೂ ‘ಗುರುತು ಸಾಹೇಬರು’ ಎನ್ನುತ್ತಾರೆ. ಸಾಹೇಬನೂ ಅಲ್ಲ, ಏನೂ ಅಲ್ಲ. ರೈಲು ನಿಲ್ದಾಣದ ಕೊನೆಯಲ್ಲಿ, ಶೌಚಾಲಯದ ಪಕ್ಕದ ಕೋಣೆಯಲ್ಲಿ ಕೂತು, ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಗುಮಾಸ್ತ ಅವನು. ಕಬ್ಬಿಣದ ಕಪಾಟುಗಳ ತುಂಬ ಕೊಡೆಗಳು, ಒಂಟಿ ಚಪ್ಪಲಿಗಳು, ಊಟದ ಡಬ್ಬಿಗಳು. ಒಂದು ಊರುಗೋಲೂ ಇದೆ. ಅದನ್ನು ಬಿಟ್ಟು ಆ ಪುಣ್ಯಾತ್ಮ ರೈಲಿನಿಂದ ಹೇಗೆ ಇಳಿದನೋ ದೇವರಿಗೇ ಗೊತ್ತು. ಯಾರಾದರೂ ಬಂದು ‘ನನ್ನ ಚೀಲ’ ಎಂದರೆ ಅಣ್ಣ ಕೇಳುವುದು ಒಂದೇ ಮಾತು: “ಗುರುತು ಏನಿದೆ?” ಬಣ್ಣ, ಕಂಪನಿ ಹೇಳಿದರೆ ಸಾಲದು. ಒಳಗೆ ಹೊಲಿಗೆ ಬಿಟ್ಟದ್ದು, ಜಿಪ್ಪಿನ ತುದಿಗೆ ಕಟ್ಟಿದ ದಾರ, ಇಂಥದ್ದು ಬೇಕು. ಗುರುತು ಹೇಳಿದವರಿಗೆ ವಸ್ತು, ಹೇಳದವರಿಗೆ ದೊಡ್ಡ ನಮಸ್ಕಾರ.

ನಾನು ಅವನ ತಂಗಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನ ಸಮೇತ ಅವನ ಮನೆಗೆ ಬಂದವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿ ಮಾಡುವುದು, ಜಿಪ್ ಹಾಕುವುದು ನನ್ನ ಕೆಲಸ. ಅವನು ಮದುವೆಯೇ ಆಗಲಿಲ್ಲ. ಮಾತುಕತೆಗೆ ಬಂದ ಹುಡುಗಿಯ ಹತ್ತಿರವೂ ಗುರುತು ಕೇಳಿದನೋ ಏನೋ. ಹೀಗೆ ಇಬ್ಬರೂ ಒಂದು ಸೂರಿನ ಕೆಳಗೆ, ಒಬ್ಬರನ್ನೊಬ್ಬರು ಸಹಿಸಿಕೊಂಡು ಇದ್ದೇವೆ.

ಅವನಿಗೆ ಇದ್ದದ್ದು ಒಂದೇ ಆಸೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಮೇಜಿಗೆ ಒಂದು ಕೈಗಡಿಯಾರ ಬಂದಿತ್ತಂತೆ. ಹೊರದೇಶದ ದೊಡ್ಡ ಹೆಸರಿನದ್ದು, ದಿನಾ ಕೀ ಕೊಡಬೇಕಾದದ್ದು. ಒಡೆಯ ಬರುವವರೆಗೆ ನಿಲ್ಲಬಾರದು ಎಂದು ಇವನು ದಿನಾ ಬೆಳಿಗ್ಗೆ ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಮತ್ತೆ ಬೀಗ ಹಾಕಿಡುತ್ತಿದ್ದ. ಕೊನೆಗೆ ಒಡೆಯ ಬಂದ, ಗುರುತು ಹೇಳಿದ, ಕಟ್ಟಿಕೊಂಡು ಹೋದ. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅಂಥದ್ದೇ ಒಂದು ತನ್ನ ಕೈಮೇಲೆ ನಡೆಯಬೇಕು ಎಂಬ ಹುಚ್ಚು ಅಂದು ಹತ್ತಿದ್ದು, ಕೂದಲು ಬೆಳ್ಳಗಾದರೂ ಇಳಿಯಲಿಲ್ಲ.

ಹೊಸದು ಕೊಳ್ಳುವ ಮಾತು ಕನಸಿನಲ್ಲೂ ಇಲ್ಲ. ಯಾರೋ ಕಟ್ಟಿ ಬಿಟ್ಟದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದು ಗೊತ್ತಾದ ಮೇಲೆ ಅವನ ತಲೆ ಫೋನಿನಿಂದ ಮೇಲಕ್ಕೆ ಏಳಲಿಲ್ಲ. ಹೋದ ವರ್ಷ ಒಬ್ಬ ಸಿಕ್ಕ. ‘ಬಾಕ್ಸ್ ಇದೆ ಸರ್, ಬಿಲ್ ಇದೆ ಸರ್, ಕಂಪನಿ ಕಾರ್ಡ್ ಇದೆ ಸರ್’ ಎಂದ. ಇವತ್ತೇ ದುಡ್ಡು ಹಾಕದಿದ್ದರೆ ಇನ್ನೊಬ್ಬರು ತೆಗೆದುಕೊಂಡು ಹೋಗುತ್ತಾರೆ ಎಂದೂ ಹೇಳಿದ. ನಮ್ಮಣ್ಣ ಹಾಕಿದ. ಗಡಿಯಾರವೇನೋ ಬಂತು, ಫಳಫಳ ಹೊಳೆಯುತ್ತಲೂ ಇತ್ತು. ಪೇಟೆಯ ಗಡಿಯಾರ ರಿಪೇರಿಯವರು ಬೆನ್ನು ಬಿಚ್ಚಿ ನೋಡಿ, ಅಣ್ಣನ ಮುಖ ನೋಡಲಾರದೆ, ಮತ್ತೆ ಮುಚ್ಚಿದರು. ಒಳಗಿದ್ದದ್ದು ಆಟಿಕೆಗೆ ಹಾಕುವ ಬ್ಯಾಟರಿ ಮಿಷನ್ನು. ಮಾರಿದವನ ಫೋನು ಅಂದೇ ಸತ್ತುಹೋಯಿತು.

ದುಡ್ಡು ಹೋದದ್ದಕ್ಕೆ ನಾನು ಬಾಯಿ ನೋಯುವಷ್ಟು ಬೈದು ಮುಗಿಸಿದೆ. ಆದರೆ ಅವನಿಗೆ ತಗುಲಿದ ಪೆಟ್ಟು ಬೇರೆ.

“ದುಡ್ಡು ಹಾಳಾಗ್ಲಿ ಬಿಡೇ,” ಎಂದ. “ಇಷ್ಟು ವರ್ಷ ಯಾರು ನಿಜ, ಯಾರು ಸುಳ್ಳು ಅಂತ ಹೇಳೋದೇ ನನ್ನ ಕೆಲಸ. ಅಂಥೋನಿಗೇ ಟೋಪಿ ಹಾಕಿದ್ನಲ್ಲ. ಇನ್ನು ಆ ಕುರ್ಚಿ ಮೇಲೆ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ?”

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಒಂದು ಗುರುತು ಕೇಳುತ್ತಿದ್ದವನು ಎರಡು ಕೇಳಿದ, ಮೂರು ಕೇಳಿದ. ಕೊಡೆ ಕೇಳಲು ಬಂದ ಮುದುಕನಿಗೆ ಅದರ ಕಡ್ಡಿ ಎಷ್ಟು ಎಂದು ಕೇಳಿ ಅಳಿಸಿದ. ಜನ ದೂರು ಕೊಟ್ಟರು. ಮೇಲಿನ ಸಾಹೇಬರು ಕರೆಸಿ, “ಹೀಗೇ ಆದ್ರೆ ನಿಮ್ಮನ್ನ ಕೌಂಟರಿಂದ ಎತ್ತಿ ಗೋದಾಮಿಗೆ ಹಾಕ್ತೀನಿ. ಅಲ್ಲಿ ಯಾರನ್ನೂ ಮಾತಾಡ್ಸೋ ಹಾಗಿಲ್ಲ, ನೆಮ್ಮದಿಯಾಗಿ ಇರಿ,” ಎಂದರು. ಮನೆಗೆ ಬಂದು ಅಣ್ಣ ಇದನ್ನು ಹೇಳುವಾಗ ಅವನ ದನಿಯಲ್ಲಿ ಕೋಪವೇ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಒಂದು ದಿನ ಊಟದ ಡಬ್ಬಿ ಕೊಡಲು ನಾನೇ ಹೋಗಿದ್ದೆ. ಕೌಂಟರಿನ ಆಚೆ ಒಬ್ಬ ನರ್ಸ್ ನಿಂತಿದ್ದಳು. ಡ್ಯೂಟಿ ಮುಗಿಸಿ ಹಾಗೇ ಬಂದಿದ್ದಳು; ಕಣ್ಣ ಕೆಳಗೆ ಕಪ್ಪು. ತಾಯಿಯನ್ನು ಆಸ್ಪತ್ರೆಗೆ ಕರೆತರುವಾಗ ರೈಲಿನಲ್ಲಿ ತಾಯಿಯ ಕನ್ನಡಕ ಬಿದ್ದುಹೋಗಿತ್ತಂತೆ. ತಾಯಿ ಮನೆಗೆ ಹಿಂತಿರುಗಲಿಲ್ಲ.

“ಗುರುತು?” ಎಂದ ಅಣ್ಣ.

“ಕಂದು ಬಣ್ಣ. ಎಡಗಡೆ ಕಡ್ಡಿ ಸಡಿಲ ಆಗಿತ್ತು ಅಂತ ಅಮ್ಮನೇ ಬಿಳಿ ದಾರ ಸುತ್ಕೊಂಡಿದ್ರು. ಈಗ ಕೊಳೆಯಾಗಿರ್ಬಹುದು.”

ಅಣ್ಣ ಮೇಜಿನ ಡ್ರಾಯರ್ ಎಳೆದ. ಹಿಂದೆ ನಿಂತಿದ್ದ ನನಗೂ ಕಂಡಿತು. ಕಂದು ಕನ್ನಡಕ. ದಾರವೂ ಇತ್ತು, ಆದರೆ ಬಲಗಡೆ ಕಡ್ಡಿಗೆ. ಅಣ್ಣ ಡ್ರಾಯರ್ ಮುಚ್ಚಿದ.

“ಗುರುತು ತಾಳೆ ಆಗ್ತಾ ಇಲ್ಲಮ್ಮ.”

ಅವಳು ಜಗಳವಾಡಲಿಲ್ಲ. ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದಿಟ್ಟು, ಸಿಕ್ಕರೆ ಹೇಳಿ ಎಂದು ಹೋದಳು. ನಾನು ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ.

“ದಾರ ಇದೆಯಲ್ಲೋ, ಇನ್ನೇನು ಅವಳ ಜಾತಕ ಬೇಕಿತ್ತಾ ನಿಂಗೆ?”

“ಅರ್ಧ ಗುರುತು ಹೇಳೋರೇ ಕಳ್ಳರು,” ಎಂದ. “ಎಲ್ಲೋ ನೋಡಿರ್ತಾರೆ, ಸರಿಯಾಗಿ ನೋಡಿರಲ್ಲ. ಸುಮ್ನಿರೇ, ನಂಗೂ ಸಾಕಾಗಿದೆ.”

ಆ ರಾತ್ರಿ ಅನ್ನ ಬಡಿಸುತ್ತ ನಾನೇ ಹೇಳಿದೆ: ಇನ್ನೊಂದು ಗಡಿಯಾರ ಹುಡುಕು, ಈ ಸಲ ಸರಿಯಾಗಿ ಹುಡುಕು. ಅವನು ತಟ್ಟೆ ನೋಡುತ್ತ ಕೂತ. ಆಮೇಲೆ, “ಇನ್ನೊಂದು ಸಲ ಮೋಸ ಹೋದ್ರೆ ನಾನೇ ಗೋದಾಮಿಗೆ ಹಾಕಿ ಅಂತ ಕೇಳ್ಕೊಳ್ತೀನಿ,” ಎಂದ. ಅದು ತಮಾಷೆಯ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೇಡ ಬಿಡು ಎನ್ನಬೇಕೆನಿಸಿತು, ಸಾರು ಬಡಿಸಿದೆ.

ಈ ಸಲ ಅವನು ಬಿಲ್ಲು, ಕಾರ್ಡು ಎಂಬ ಪೇಪರು ನೋಡುವುದನ್ನು ಬಿಟ್ಟ. “ಪೇಪರ್ ಇದ್ದೋನೇ ತಾನೇ ನಂಗೆ ನಾಮ ಹಾಕಿದ್ದು,” ಎನ್ನುತ್ತಿದ್ದ. ತನ್ನ ಕೌಂಟರಿನ ಪದ್ಧತಿಯನ್ನೇ ಹಿಡಿದ. ಮಾರುವವರು ಯಾರೇ ಇರಲಿ, ಒಂದೇ ಪ್ರಶ್ನೆ: ಫೋಟೋದಲ್ಲಿ ಕಾಣದ ಒಂದು ಗುರುತು ಹೇಳಿ. ಕೆಲವರು ಬೈದರು. ಕೆಲವರು ‘ಪೀಸ್ ಹೊಸದರ ಹಾಗಿದೆ, ಒಂದು ಗೀರೂ ಇಲ್ಲ’ ಎಂದರು. ಅವರನ್ನು ಅಲ್ಲೇ ಕೈಬಿಟ್ಟ. ಅವಸರ ಮಾಡಿದವರನ್ನೂ ಬಿಟ್ಟ. ದುಡ್ಡು ಮೊದಲು ಎಂದವರಿಗೆ ಉತ್ತರವನ್ನೇ ಕೊಡಲಿಲ್ಲ. ತಿಂಗಳುಗಳು ಉರುಳಿದವು, ನನಗಂತೂ ಆ ಫೋನಿನ ಸದ್ದು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆಮೇಲೆ ಟೀಚರಮ್ಮ ಸಿಕ್ಕರು. ಕೆಲಸದಿಂದ ನಿವೃತ್ತರಾದವರು, ತೀರಿಕೊಂಡ ಗಂಡನ ಗಡಿಯಾರ ಮಾರುತ್ತಿದ್ದವರು. ಕಿಟಕಿ ಬೆಳಕಿನಲ್ಲಿ ತೆಗೆದ ಕೆಟ್ಟ ಫೋಟೋ, ಗಾಜಿನ ಮೇಲೆ ಬಿಸಿಲಿನ ಹೊಳಪು ಬಿದ್ದು ಅರ್ಧ ಮುಖವೇ ಕಾಣುತ್ತಿರಲಿಲ್ಲ. ಅಣ್ಣನ ಪ್ರಶ್ನೆಗೆ ಅವರು ಕೂಡಲೇ ಉತ್ತರ ಕಳಿಸಿದರು: ‘ಗಾಜಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚೂರು ಹಾರಿದೆ. ಎಡಗಡೆ, ಕೆಳಗೆ. ನಲ್ಲಿಗೆ ತಾಗಿಸಿಕೊಂಡರು.’ ಎಲ್ಲಿ ಬೇಕಾದರೂ ಬರುತ್ತೇನೆ, ಬಿಚ್ಚಿಸಿ ನೋಡಿ, ಆಮೇಲೆ ದುಡ್ಡು ಕೊಡಿ ಎಂದೂ ಬರೆದಿದ್ದರು. ಅಣ್ಣ ಆ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದ.

ರಿಪೇರಿ ಅಂಗಡಿಯಲ್ಲಿ, ಹಾಡಹಗಲು, ಎಲ್ಲರೂ ಸೇರಿದೆವು. ಟೀಚರಮ್ಮ ತೆಳ್ಳಗಿದ್ದರು, ಮಾತು ಕಡಿಮೆ. ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟರು. ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆನ್ನು ಬಿಚ್ಚಿ, ಬಹಳ ಹೊತ್ತು ಬಗ್ಗಿ ನೋಡಿದರು.

“ಅಸಲಿ,” ಎಂದರು. “ಒಳಗಿನ ನಂಬರು, ಹೊರಗಿನ ನಂಬರು ಎಲ್ಲಾ ಸರಿಯಾಗಿದೆ. ಚೆನ್ನಾಗಿ ಇಟ್ಕೊಂಡಿದಾರೆ.”

ನಾನು ಉಸಿರು ಬಿಟ್ಟೆ. ಅಣ್ಣ ಬಿಡಲಿಲ್ಲ. ಗಡಿಯಾರವೇನೋ ಅಸಲಿ; ತಂದವರು ಅಸಲಿಯೋ? ಯಾರ ಮನೆಯದನ್ನೋ ಎತ್ತಿಕೊಂಡು ಬಂದಿದ್ದರೆ? ಅವನು ಭೂತಗನ್ನಡಿ ಇಸಿದುಕೊಂಡು ತಾನೇ ಗುರುತು ಹುಡುಕಿದ. ಚೂರು ಹಾರಿದ್ದು ನಿಜ, ಸಾಸಿವೆ ಕಾಳಿನಷ್ಟೇ. ಆದರೆ ಬಲಗಡೆ, ಮೇಲೆ.

ಅಣ್ಣ ಭೂತಗನ್ನಡಿ ಕೆಳಗಿಟ್ಟ. ಗಡಿಯಾರವನ್ನು ಮೆಲ್ಲಗೆ ಕರವಸ್ತ್ರದ ಮೇಲೆ ಇಟ್ಟ.

“ಕ್ಷಮಿಸಿ ಮೇಡಂ. ನಂಗೆ ಬೇಡ.”

“ಯಾಕೆ?”

“ನೀವು ಎಡಗಡೆ ಕೆಳಗೆ ಅಂದ್ರಿ. ಇದು ಬಲಗಡೆ ಮೇಲಿದೆ. ಇದು ನಿಮ್ಮ ಮನೆಯದ್ದಾಗಿದ್ರೆ ನಿಮಗೆ ತಪ್ತಿರಲಿಲ್ಲ.”

ಅವನು ಎದ್ದೇಬಿಟ್ಟ. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನಾಳೆಯಿಂದ ಗೋದಾಮು, ಕತ್ತಲೆ, ಮಾತಿಲ್ಲದ ಸಾಮಾನುಗಳ ನಡುವೆ ಮಾತಿಲ್ಲದ ನಮ್ಮಣ್ಣ. ಅಷ್ಟೇ ಕಣ್ಣಿಗೆ ಕಟ್ಟಿತು. ಟೀಚರಮ್ಮ ಮಾತ್ರ ಬೇಜಾರಾದಂತೆ ಕಾಣಲಿಲ್ಲ. ಬೇಜಾರಾಗುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲವೇನೋ.

“ಒಂದ್ನಿಮಿಷ ಕೂತ್ಕೊಳ್ಳಿ,” ಎಂದರು. “ಎಡಗೈ ಕೊಡಿ.”

ಟೀಚರ್ ದನಿ, ಅಣ್ಣ ಹುಡುಗನಂತೆ ಕೂತ. ಅವರು ಮೇಜಿನ ಆಚೆಯಿಂದಲೇ ಅವನ ಕೈಗೆ ಗಡಿಯಾರ ಕಟ್ಟಿದರು. ಪಟ್ಟಿಯ ಯಾವ ತೂತು ಎಂದು ಅವರ ಬೆರಳಿಗೇ ಗೊತ್ತಿತ್ತು. ಅವನ ಕೈಯನ್ನು ಮಡಚಿ, ಎದೆಯ ಮುಂದೆ ಮೇಜಿನ ಮೇಲೆ ಅಡ್ಡಲಾಗಿ ಇಡಿಸಿದರು, ಊಟಕ್ಕೆ ಕೂತವರು ಇಡುತ್ತಾರಲ್ಲ, ಹಾಗೆ. ಆಮೇಲೆ ತಾವು ಕೂತಲ್ಲಿಂದ ನೋಡಿ, ಬೆರಳು ಚಾಚಿ, ಗಾಜಿನ ಅಂಚು ಮುಟ್ಟಿದರು.

“ಎಡಗಡೆ. ಕೆಳಗೆ,” ಎಂದರು. “ನಾನು ಒಂದಿನಾನೂ ಇದನ್ನ ಕಟ್ಕೊಂಡಿಲ್ಲಪ್ಪ. ಅವರು ಕಟ್ಕೊಂಡಿರೋದನ್ನ ಎದುರಿಗೆ ಕೂತು ನೋಡಿದೀನಿ, ಅಷ್ಟೇ.”

ದಿನವಿಡೀ ಗಿರಾಕಿಯ ಎದುರು ನಿಂತು ಅಳತೆ ತೆಗೆಯುವವಳು ನಾನು, ನನಗಾದರೂ ಇದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಬೇರೆ ಯಾರೇ ಕದ್ದು ತಂದಿದ್ದರೂ ಗಡಿಯಾರವನ್ನು ನೆಟ್ಟಗೆ ಹಿಡಿದು ನೋಡಿ ಬಲಗಡೆ ಎನ್ನುತ್ತಿದ್ದರು. ತಪ್ಪು ಹೇಳಲು ಹೆಂಡತಿಯೇ ಬೇಕಿತ್ತು.

“ಯಾಕೆ ಮಾರ್ತಿದೀರಿ ಮೇಡಂ?” ನನ್ನ ಬಾಯಿ ಸುಮ್ಮನಿರಲಿಲ್ಲ.

“ದಿನಾ ಕೀ ಕೊಟ್ಟು ಕೊಟ್ಟು ಸಾಕಾಗಿದೆಯಮ್ಮ. ನಡೆದ್ರೆ ಅವರು ಪಕ್ಕದ ರೂಮಲ್ಲಿ ಇದಾರೆ ಅನ್ಸುತ್ತೆ. ನಿಲ್ಸೋಣ ಅಂದ್ರೆ ಅದೂ ಆಗಲ್ಲ. ಯಾರ ಕೈಲಾದ್ರೂ ನಡ್ಕೊಂಡಿರಲಿ, ನಾನು ಸ್ವಲ್ಪ ನಿದ್ದೆ ಮಾಡ್ತೀನಿ.”

ದುಡ್ಡು ಕೊಟ್ಟಾಯಿತು, ಕಾಗದಕ್ಕೆ ಸಹಿಯೂ ಆಯಿತು. ಟೀಚರಮ್ಮ ಖಾಲಿ ಕರವಸ್ತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕೀ ಕೊಡಿ, ಆಮೇಲೆ ಮರೆತುಹೋಗುತ್ತೆ ಎಂದರು. ಅಣ್ಣ ಹೂಂ ಎಂದ.

ಇಷ್ಟು ವರ್ಷದ ಆಸೆ ಕೈಮೇಲೆ ಟಿಕ್ ಟಿಕ್ ಎನ್ನುತ್ತಿದ್ದರೂ ದಾರಿಯುದ್ದಕ್ಕೂ ಅವನು ಅದನ್ನು ಒಂದು ಸಲವೂ ನೋಡಲಿಲ್ಲ. ಬಸ್ಸು ಹತ್ತಿದ ಮೇಲೆ ಇದ್ದಕ್ಕಿದ್ದಂತೆ, “ಆ ಹುಡುಗಿಯೂ ಎದುರಿಗೇ ನೋಡಿರ್ತಾಳಲ್ವೇನೇ,” ಎಂದ. ಚೀಟಿ ಬರೆದಿಟ್ಟು ಹೋದ ನರ್ಸ್ ನನಗೂ ನೆನಪಾದಳು. ನಮ್ಮ ಸ್ಟಾಪ್ ಬಂತು, ಅವನು ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ನಿಲ್ದಾಣಕ್ಕೆ ಹೋಗಿ, ರಜೆಯ ದಿನವಾದರೂ ಕೋಣೆಯ ಬೀಗ ತೆಗೆದ. ಚೀಟಿ ಹುಡುಕಿ ಫೋನು ಮಾಡಿದ.

ಸಂಜೆ ನರ್ಸ್ ಬಂದಳು. ಅದೇ ಬಿಳಿ ಬಟ್ಟೆ, ಅದೇ ದಣಿದ ಕಣ್ಣು. ಮತ್ತೆ ಗುರುತು ಕೇಳುತ್ತಾನೆ ಎಂದು ಕೌಂಟರಿಗೆ ಕೈಯೂರಿ ತಯಾರಾಗಿ ನಿಂತಳು. ಅಣ್ಣ ಡ್ರಾಯರ್ ಎಳೆದು, ಕನ್ನಡಕ ತೆಗೆದು, ತಾನೇ ಹಾಕಿಕೊಂಡ. ಮುದುಕಿಯರ ದಪ್ಪ ಗಾಜು; ಅವನ ಕಣ್ಣು ಎರಡೂ ಗೂಬೆಯ ಹಾಗೆ ದೊಡ್ಡವಾದವು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವನು ಅವಳ ಎದುರಿಗೆ ನೆಟ್ಟಗೆ ಕೂತ.

“ಈಗ ನೋಡಿ ಹೇಳಮ್ಮ. ದಾರ ಯಾವ ಕಡೆ?”

ಅವಳು ಕೈ ಎತ್ತಿ, ಆ ಕೊಳೆಯಾದ ದಾರವನ್ನು ಬೆರಳ ತುದಿಯಿಂದ ಮುಟ್ಟಿದಳು. “ಎಡಗಡೆ,” ಎಂದಳು.

“ಸರಿಯಾಗಿದೆ,” ಎಂದ ಅಣ್ಣ. “ಅವತ್ತೂ ಸರಿಯಾಗೇ ಹೇಳಿದ್ರಿ. ನಾನು ಈ ಕಡೆ ಕೂತಿದ್ದೆ.”