ಹಾಲಮ್ಮಜ್ಜಿಯ ನಗು

ದೆವ್ವ, ಭೂತ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಹೇಳಿಹೋಗುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ "ಆಮೇಲೆ ಕರೆಂಟ್ ಹೋಯ್ತು, ಅಲ್ವಾ?" ಎಂದು ರೇಗಿಸಿ ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಚಾಳಿ. ಈಗ ನಾನೇ ಒಂದು ಕಥೆ ಹೇಳಲು ಕೂತಿದ್ದೇನೆ. ನೀವು ರೇಗಿಸಿದರೆ ಬೇಜಾರಿಲ್ಲ. ಕರೆಂಟ್ ಮಾತ್ರ ಹೋಗಿರಲಿಲ್ಲ. ನಡೆದದ್ದು ಹಾಡಹಗಲಿನಲ್ಲಿ, ಬೆಂಗಳೂರಿನ ಒಂದು ಜಾಹೀರಾತು ಏಜೆನ್ಸಿಯ ಏಸಿ ಕೋಣೆಯಲ್ಲಿ.

ನಾನು ಫೋಟೊ ತೆಗೆಯುವವಳಲ್ಲ, ತೆಗೆಯುವವರನ್ನು ಮಾರುವವಳು ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ನಮ್ಮ ಕಡೆಯ ಫೋಟೊಗ್ರಾಫರುಗಳ ಒಳ್ಳೆಯ ಕೆಲಸವನ್ನು ಆರಿಸಿ, ಆಲ್ಬಮ್ ಮಾಡಿಸಿ, ಬೀರೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನ ಏಜೆನ್ಸಿಗಳಿಗೆ ತೋರಿಸಿ ಅವರಿಗೆ ಕೆಲಸ ಹಿಡಿದು ತರುವುದು ನನ್ನ ಕಸುಬು. ಆಗ ನನ್ನ ಕೈಯಲ್ಲಿ ಮೂವರಿದ್ದರು. ಕಡೂರಿನವನು ಮದುವೆ ಫೋಟೊಗಳಲ್ಲಿ ಎತ್ತಿದ ಕೈ. ತರೀಕೆರೆಯವನು ಅಮೃತಾಪುರದ ದೇವಸ್ಥಾನವನ್ನು ಎಷ್ಟು ಸಲ ತೆಗೆದಿದ್ದನೆಂದರೆ ಅಲ್ಲಿನ ಕಲ್ಲುಗಳಿಗೇ ಸಾಕಾಗಿರಬೇಕು. ಮೂರನೆಯವನು ಅಜ್ಜಂಪುರದ ತಿಪ್ಪೇಶಣ್ಣ.

ತಿಪ್ಪೇಶಣ್ಣನ ಕಷ್ಟವೇ ಬೇರೆ. ನಮ್ಮ ಕಡೆ ಶೈವರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೊ ತೆಗೆಸುತ್ತಾರೆ. ಹಳ್ಳಿಯ ಎಷ್ಟೋ ಮುದುಕಿಯರಿಗೆ ಜೀವಮಾನದಲ್ಲಿ ಅದೊಂದೇ ಫೋಟೊ. ಗೋಡೆಗೆ ಹಾಕುವ ಫೋಟೊದಲ್ಲಿ ಕಣ್ಣು ಮುಚ್ಚಿದ್ದರೆ ಮನೆಯವರಿಗೆ ಸಂಕಟ. ಹಾಗಾಗಿ ಫೋಟೊಗ್ರಾಫರನೇ ಕಣ್ಣು ತೆರೆಸಬೇಕು. ಹಿಂದೆ ಕುಂಚದಿಂದ, ಈಗ ಕಂಪ್ಯೂಟರಿನಲ್ಲಿ, ಈ ಕಣ್ಣು ತೆರೆಸುವ ಕೆಲಸದಲ್ಲಿ ತಿಪ್ಪೇಶಣ್ಣನನ್ನು ಮೀರಿಸುವವರಿಲ್ಲ. ಅದೇ ಅವನಿಗೆ ಮುಳುವಾಯಿತು. ಸಾವಿನ ಮನೆಗೆ ಹೋಗುವ ಕ್ಯಾಮೆರಾ ಎಂದು ಬದುಕಿರುವವರು ಯಾರೂ ಅದರ ಮುಂದೆ ಕೂರುತ್ತಿರಲಿಲ್ಲ. ಅವನು ಬೀದಿಯಲ್ಲಿ ಕಂಡರೆ ಸಾಕು, ಕಟ್ಟೆಯ ಮೇಲಿನ ಮುದುಕರು "ಲೇ ತಿಪ್ಪೇಶ, ನಂಗಿನ್ನೂ ಟೈಮೈತೆ ಕಣೋ, ಆ ಕಡೆ ಹೋಗು" ಎಂದು ಎದ್ದೇ ಬಿಡುತ್ತಿದ್ದರು.

ಹೀಗಾಗಿ ಅವನ ಆಲ್ಬಮ್ಮಿನಲ್ಲಿದ್ದವರೆಲ್ಲ ಬೆನ್ನು ತೋರಿಸಿದವರೇ. ತೆಂಗಿನಕಾಯಿ ಸುಲಿಯುವವನ ಬೆನ್ನು, ಸಂತೆಯಿಂದ ಮರಳುವ ಹೆಂಗಸರ ಬೆನ್ನು. ಒಂದಕ್ಕಿಂತ ಒಂದು ಚೆಂದ, ಆದರೆ ಬೆನ್ನು ನೋಡಿ ಕೆಲಸ ಕೊಡುವ ಏಜೆನ್ಸಿ ಎಲ್ಲಿದೆ?

"ಒಂದಾದ್ರೂ ಮುಖ ಬೇಕು ತಿಪ್ಪೇಶಣ್ಣ" ಎಂದೆ.

"ಯಾರ್ ಕೂರ್ತಾರಮ್ಮ ನನ್ ಮುಂದೆ?" ಎಂದ. "ಈ ಸಲ ಏನೂ ಆಗ್ಲಿಲ್ಲ ಅಂದ್ರೆ ಸ್ಟುಡಿಯೋ ಬಾಗ್ಲು ಹಾಕ್ಬಿಡ್ತೀನಿ. ಬದುಕಿರೋರ ಮುಖ ಒಂದೂ ತೆಗೀದೆ ಎಷ್ಟ್ ದಿನ ಅಂತ ಇರ್ಲಿ?" ಎಂದ.

ಆ ಮಾತು ಕೇಳಿ ಏನಾದರೂ ಮಾಡಿ ಇವನಿಗೆ ಕೆಲಸ ತರಲೇಬೇಕು ಎಂಬ ಹಟ ಹುಟ್ಟಿತು.

ರೈಲು ಕಡೂರು ದಾಟಿದ ಮೇಲೆ ತಿಪ್ಪೇಶಣ್ಣನ ಆಲ್ಬಮ್ ತೆರೆದು ನೋಡಿದೆ. ಕೊನೆಯ ಪುಟದಲ್ಲಿ, ನನಗೆ ಹೇಳದೆ, ಒಂದು ಮುಖ ಸೇರಿಸಿದ್ದ. ಬಿಳಿ ಕೂದಲಿನ ಅಜ್ಜಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ತುಟಿ ಬಿಗಿಯಾಗಿ ಮುಚ್ಚಿತ್ತು. ಕಣ್ಣು ಅವನು ತೆರೆಸಿದ್ದೆಂದು ಬಲ್ಲವರಿಗೆ ಗೊತ್ತಾಗುವಂತಿತ್ತು. ನನಗೆ ರೇಗಿಹೋಯಿತು. ಕಿತ್ತುಬಿಡೋಣವೆಂದರೆ ಹಾಳೆಗೆ ಭದ್ರವಾಗಿ ಅಂಟಿಸಿಬಿಟ್ಟಿದ್ದಾನೆ ಪುಣ್ಯಾತ್ಮ. ಕೊನೆಯ ಪುಟ ಬರುವ ಮೊದಲೇ ಆಲ್ಬಮ್ ಮುಚ್ಚಿದರಾಯಿತು ಎಂದುಕೊಂಡೆ. ಆ ಬಿಗಿದ ತುಟಿಗಳು ನನಗೆ ಚೆನ್ನಾಗಿ ನೆನಪಿವೆ. ಬದುಕಿದ್ದಾಗ ಈ ಅಜ್ಜಿ ಸೊಸೆಯಂದಿರನ್ನು ಗಡಗಡ ನಡುಗಿಸಿರಬೇಕು ಎಂದು ಯೋಚಿಸಿ ಒಬ್ಬಳೇ ನಕ್ಕಿದ್ದೆ.

ಆ ದಿನ ಹೋದ ಕಡೆಯೆಲ್ಲ "ನೋಡಿ ಹೇಳ್ತೀವಿ" ಎಂಬ ಉತ್ತರವೇ ಸಿಕ್ಕಿತು. ಕೊನೆಯ ಏಜೆನ್ಸಿಯಲ್ಲಿ ಕೆಲಸ ಕೊಡುವ ಅಧಿಕಾರವಿದ್ದವಳು ನನಗಿಂತ ಚಿಕ್ಕವಳು, ಚುರುಕಿನ ಹೆಣ್ಣು. ಮದುವೆಯ ಆಲ್ಬಮ್, ದೇವಸ್ಥಾನದ ಆಲ್ಬಮ್ ಎರಡನ್ನೂ ಮುಗುಳ್ನಗುತ್ತಲೇ ಪಕ್ಕಕ್ಕಿಟ್ಟಳು. ತಿಪ್ಪೇಶಣ್ಣನದನ್ನು ನನ್ನ ಕೈಯಿಂದ ತಾನೇ ಎಳೆದುಕೊಂಡು, "ಏನ್ ಮೇಡಂ, ಬರೀ ಬೆನ್ನೇ ಇದೆಯಲ್ಲ?" ಎನ್ನುತ್ತ ಸರಸರನೆ ಪುಟ ತಿರುವಿದಳು. ನಾನು ಕೈ ಚಾಚುವಷ್ಟರಲ್ಲಿ ಕೊನೆಯ ಪುಟ ಬಂದುಬಿಟ್ಟಿತು.

"ಅಯ್ಯೋ, ಯಾರಿವರು?" ಎಂದಳು.

ಬಗ್ಗಿ ನೋಡಿದೆ. ಅಜ್ಜಿ ನಗುತ್ತಿದ್ದಳು. ಅದೇ ವಿಭೂತಿ, ಅದೇ ಸೇವಂತಿಗೆ ಹಾರ, ಅದೇ ಸೀರೆ. ಬಾಯಿ ಅಗಲವಾಗಿ ತೆರೆದಿತ್ತು, ಮುಂದಿನದೊಂದು ಹಲ್ಲು ಬಿದ್ದಿದ್ದು ಕಾಣುತ್ತಿತ್ತು, ನಕ್ಕು ನಕ್ಕು ಕಣ್ಣು ಕಿರಿದಾಗಿತ್ತು. ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಆಗಲೂ ನಗುತ್ತಿದ್ದಳು.

"ಹಳ್ಳಿಯವರು ಕ್ಯಾಮೆರಾ ಕಂಡ್ರೆ ಕಲ್ಲಾಗ್ಬಿಡ್ತಾರೆ. ಇವರು ನೋಡಿ, ಎಷ್ಟು ಆರಾಮಾಗಿದ್ದಾರೆ! ನಿಮ್ಮ ಫೋಟೊಗ್ರಾಫರ್ ಹತ್ರ ಜನ ಅಷ್ಟು ಸಲೀಸಾಗಿ ಇರ್ತಾರಾ?" ಎಂದು ಕೇಳಿದಳು.

ಅವಳು ಕಂಪ್ಯೂಟರ್ ಕೈಚಳಕವಿರಬಹುದೆಂದು ತಮ್ಮ ತಂತ್ರಜ್ಞನನ್ನು ಕರೆಸಿದಳು. ಅವನು ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ ನೋಡಿ, ಎಲ್ಲೂ ತಿದ್ದಿಲ್ಲ ಎಂದ. ತಿಪ್ಪೇಶಣ್ಣ ತೆರೆಸಿದ ಕಣ್ಣಿನ ಗುರುತು ಕೂಡ ಇರಲಿಲ್ಲ. ಅಜ್ಜಿ ಈಗಿಲ್ಲ ಎಂದಷ್ಟೇ ಹೇಳಿದೆ. ಅವಳು ಛೆ ಎಂದಳು. ಆಮೇಲೆ ಅಲ್ಲೇ ಕೆಲಸ ಒಪ್ಪಿಸಿದಳು. ಒಂದು ಕೊಬ್ಬರಿ ಎಣ್ಣೆ ಕಂಪನಿಯ ಕ್ಯಾಲೆಂಡರಿಗೆ ಕಡೂರು, ತರೀಕೆರೆ, ಅಜ್ಜಂಪುರದ ಹಿರಿಯರ ಮುಖಗಳು ಬೇಕು, ಎಲ್ಲವನ್ನೂ ತಿಪ್ಪೇಶಣ್ಣನೇ ತೆಗೆಯಬೇಕು, ಮನೆಯವರು ಒಪ್ಪಿದರೆ ಈ ಅಜ್ಜಿಯೇ ಮೊದಲ ಪುಟ. ಲಿಫ್ಟಿನಲ್ಲಿ ಯಾರೂ ಇಲ್ಲದ್ದು ನೋಡಿ ನಾನು ಕುಣಿದುಬಿಟ್ಟೆ. ಹೆದರಿಕೆಯೂ ಇತ್ತು, ಖುಷಿ ಅದಕ್ಕಿಂತ ಹೆಚ್ಚಿತ್ತು.

ಅಜ್ಜಂಪುರಕ್ಕೆ ಹೋಗಿ ಸುದ್ದಿ ಹೇಳಿದಾಗ ತಿಪ್ಪೇಶಣ್ಣ ಕೆಲಸದ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ನಗ್ತಿರೋದಾ? ಹಾಲಮ್ಮಜ್ಜಿದು ನಾನ್ ತೆಗ್ದಿದ್ದು ಬಾಯಿ ಮುಚ್ಚಿರೋದು ಕಣಮ್ಮ" ಎಂದ. ಕಂಪ್ಯೂಟರಿನಲ್ಲಿ ತೋರಿಸಿದ. ನಾನು ರೈಲಿನಲ್ಲಿ ಕಂಡ ಬಿಗಿದ ತುಟಿಯ ಅಜ್ಜಿಯೇ ಅಲ್ಲಿದ್ದಳು. ನಾನು ಆಲ್ಬಮ್ ತೆರೆದೆ. ಅವನು ಅದನ್ನು ಕಂಪ್ಯೂಟರಿನ ಪಕ್ಕಕ್ಕೆ ಹಿಡಿದು ಎರಡನ್ನೂ ಮತ್ತೆ ಮತ್ತೆ ನೋಡಿದ.

ಇಬ್ಬರೂ ಹಾಲಮ್ಮಜ್ಜಿಯ ಮಗಳು ಗಿರಿಜಕ್ಕನ ಮನೆಗೆ ಹೋದೆವು. ಗೋಡೆಯ ಮೇಲಿನ ಫೋಟೊದಲ್ಲೂ ತುಟಿ ಮುಚ್ಚಿಯೇ ಇತ್ತು. ಬೈಸಿಕೊಳ್ಳಲು ಸಿದ್ಧಳಾಗಿಯೇ ನಾನು ಆಲ್ಬಮ್ ಕೊಟ್ಟೆ. ಗಿರಿಜಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದಳು.

"ನಮ್ಮವ್ವ ನಗ್ತಿದ್ದಿದ್ದೇ ಹಿಂಗೆ" ಎಂದಳು. "ಹಲ್ಲು ಬಿದ್ದಿದ್ದು ಕಾಣ್ತೈತೆ ಅಂತ ಹೊರಗಿನೋರ ಮುಂದೆ ಒಂದಿನಾನೂ ನಗ್ಲಿಲ್ಲ. ಒಲೆ ಮುಂದೆ ನಾವಿಬ್ರೇ ಇದ್ದಾಗ ಮಾತ್ರ." ಸೆರಗಿನಿಂದ ಕಣ್ಣೊರೆಸಿಕೊಂಡು ತಿಪ್ಪೇಶಣ್ಣನ ಕಡೆ ತಿರುಗಿ, "ನಂದೂ ಒಂದ್ ತೆಗಿಯಣ್ಣ. ಉಸಿರಾಡ್ತಿರೋವಾಗ್ಲೇ ತೆಗಿ" ಎಂದಳು.

ಗಿರಿಜಕ್ಕ ಕ್ಯಾಲೆಂಡರಿಗೂ ಒಪ್ಪಿದಳು. ಮುಂದಿನದೆಲ್ಲ ಸಂಭ್ರಮವೇ. ಕ್ಯಾಲೆಂಡರ್ ಬಂದಾಗ ಬೀರೂರಿನ ಹೋಟೆಲಿನಲ್ಲಿ, ಕಡೂರಿನ ಕೊಬ್ಬರಿ ಮಂಡಿಗಳಲ್ಲಿ ಹಾಲಮ್ಮಜ್ಜಿ ನಗುತ್ತ ನೇತಾಡಿದಳು. ಕಟ್ಟೆಯ ಮೇಲಿಂದ ಎದ್ದು ಹೋಗುತ್ತಿದ್ದ ಮುದುಕರು ಈಗ ತಿಪ್ಪೇಶಣ್ಣನನ್ನು ಕಂಡರೆ ಜೇಬಿನಿಂದ ಬಾಚಣಿಗೆ ತೆಗೆಯುತ್ತಾರೆ. ಅವನನ್ನು ಹುಡುಕಿಕೊಂಡು ಬರುವ ಏಜೆನ್ಸಿಯವರಿಗೆ ನಾನೀಗ "ನೋಡಿ ಹೇಳ್ತೀವಿ" ಎನ್ನುತ್ತೇನೆ. ಆ ಮಾತು ಹೇಳುವ ಸುಖ ಹೇಳಿದವರಿಗೇ ಗೊತ್ತು.

ಆದರೆ ಆ ನಗು ಎಲ್ಲಿಂದ ಬಂತು? ರೈಲಿನಲ್ಲಿ ತೂಕಡಿಸುತ್ತ ಸರಿಯಾಗಿ ನೋಡಿರಲಿಕ್ಕಿಲ್ಲ ಎನ್ನುತ್ತಾರೆ ನನ್ನ ಗಂಡ. ಹಾಗಾದರೆ ಗೋಡೆಯ ಮೇಲಿರುವುದು? ಕಂಪ್ಯೂಟರಿನಲ್ಲಿರುವುದು? ಆಲ್ಬಮ್ ನನ್ನ ಬೀರುವಿನಲ್ಲಿದೆ, ಅಜ್ಜಿ ಇನ್ನೂ ನಗುತ್ತಿದ್ದಾಳೆ. ನಂಬಿ ಎಂದು ನಿಮಗೆ ಹೇಳಲಾರೆ. ನನಗೇ ಇವತ್ತಿಗೂ ಏನೊಂದೂ ಬಗೆಹರಿದಿಲ್ಲ.

ಮೊನ್ನೆ ಅಜ್ಜಂಪುರಕ್ಕೆ ಹೋದಾಗ ತರೀಕೆರೆಯ ಒಬ್ಬ ತಾಯಿ ತನ್ನ ಎಳೆಗೂಸಿನ ಮೊದಲ ಫೋಟೊ ತೆಗೆಸಲು ಸ್ಟುಡಿಯೋಕ್ಕೆ ಬಂದಿದ್ದಳು. ದೀಪ ಹಾಕಿದ್ದೇ ತಡ, ಕೂಸು ಊರಿಗೆಲ್ಲ ಕೇಳುವಂತೆ ಕಿರುಚಿ ಅಳತೊಡಗಿತು. ತಾಯಿ ನಾಚಿಕೊಂಡು ಎತ್ತಿಕೊಳ್ಳಲು ಹೋದಳು. ಕ್ಯಾಮೆರಾದ ಹಿಂದೆ ತಿಪ್ಪೇಶಣ್ಣನ ಕೆನ್ನೆ ಒದ್ದೆಯಾಗಿತ್ತು.

"ಅಳ್ಲಿ ಬಿಡವ್ವ, ಅಳ್ಲಿ" ಎಂದ. "ಇಷ್ಟ್ ವರ್ಷದಲ್ಲಿ ನನ್ ಕ್ಯಾಮೆರಾ ಮುಂದೆ ಯಾರೂ ಇಷ್ಟ್ ಜೋರಾಗಿ ಸದ್ದು ಮಾಡಿರ್ಲಿಲ್ಲ."