ಸೊರಬದ ಸತ್ತ ಫೋನು

ದೆವ್ವ, ಶಕುನ, ಪವಾಡ ಅಂತ ಯಾರಾದರೂ ಶುರು ಮಾಡಿದರೆ "ಸಾಕು ಸುಮ್ಮನಿರ್ರೀ" ಅಂತ ಎದ್ದು ಹೋಗುವವಳು ನಾನು. ಈಗಲೂ ಬಹುಮಟ್ಟಿಗೆ ಹಾಗೇ. ಆದರೆ ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ ಮಧ್ಯಾಹ್ನ ನಡೆದದ್ದನ್ನು ಮಾತ್ರ ನನ್ನ ಬುದ್ಧಿ ಇವತ್ತಿಗೂ ಅರಗಿಸಿಕೊಂಡಿಲ್ಲ. ನೀವು ನಂಬಲೇಬೇಕು ಅಂತ ನನಗೆ ಹಟವಿಲ್ಲ. ಓದಿ, ನಗು ಬಂದರೆ ನಕ್ಕುಬಿಡಿ.

ಆಗ ನಾನು ನಮ್ಮ ಜಿಲ್ಲೆಯದೇ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಊರು ಶಿಕಾರಿಪುರ, ರಜೆ ಸಿಕ್ಕರೆ ಬಸ್ಸು ಹತ್ತುತ್ತಿದ್ದೆ. ಬಾಯಿ ಸ್ವಲ್ಪ ಜೋರು. ಬೆನ್ನ ಹಿಂದೆ ನನ್ನನ್ನು 'ಒಣಮೆಣಸಿನಕಾಯಿ' ಅನ್ನುತ್ತಿದ್ದರು. ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ನನ್ನ ಕೈಕೆಳಗೆ ನಾಗವೇಣಿ ಅಂತ ಒಬ್ಬಳಿದ್ದಳು, ಗುತ್ತಿಗೆಯ ಮೇಲೆ ಬಂದವಳು. ತಂದೆ ಇಲ್ಲ. ತಾಯಿ, ಇಬ್ಬರು ತಂಗಿಯರು ಅವಳ ಸಂಬಳದಲ್ಲೇ ಉಣ್ಣಬೇಕು.

ನಮ್ಮಲ್ಲಿದ್ದದ್ದು ಮೇನ್‌ಫ್ರೇಮ್, ಬೀರುವಿನಷ್ಟು ದೊಡ್ಡ ಕಂಪ್ಯೂಟರ್. ಹೊರಗೆ ನೋಡಿದರೆ ಒಂದೇ ಯಂತ್ರ; ಒಳಗೆ ಹತ್ತಾರು ವರ್ಚುವಲ್ ಮಷೀನುಗಳು. ಕೈಗೆ ಸಿಗುವಂಥವಲ್ಲ, ಆ ದೊಡ್ಡದರ ಹೊಟ್ಟೆಯೊಳಗೆ ಬರೀ ಲೆಕ್ಕದಲ್ಲಿ ಇರುವಂಥವು. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಉಗ್ರಾಣಕ್ಕೊಂದು, ಸಂಬಳಕ್ಕೊಂದು, ಆಸ್ಪತ್ರೆಗೊಂದು. ಪ್ರತಿಯೊಂದೂ ಇಡೀ ಮನೆ ತನ್ನದೇ ಅಂದುಕೊಂಡಿರುತ್ತದೆ. ಇವನ್ನೆಲ್ಲ ನೆಟ್‌ವರ್ಕಿಗೆ ಸೇರಿಸಬೇಕಿತ್ತು. ಅದಕ್ಕೆ ಬಾಗಿಲು ಕಾಯುವವನ ಹಾಗೆ ಒಂದು ಮಷೀನನ್ನು ಇಟ್ಟು, ಉಳಿದ ಒಂದೊಂದನ್ನೂ ಅದಕ್ಕೆ ಎರಡೆರಡು ದಾರಿಯಿಂದ ಜೋಡಿಸಬೇಕು: ಕಳಿಸುವುದಕ್ಕೊಂದು, ತೆಗೆದುಕೊಳ್ಳುವುದಕ್ಕೊಂದು. ತಂತಿ ಗಿಂತಿ ಏನೂ ಇಲ್ಲ, ಎಲ್ಲ ಕೀಲಿಮಣೆಯಲ್ಲಿ ಕುಟ್ಟುವ ಕೆಲಸ.

ಸೋಮವಾರ ಬೆಳಿಗ್ಗೆ ಎಲ್ಲ ವಿಭಾಗಗಳೂ ನೆಟ್‌ವರ್ಕಿನಲ್ಲಿ ಇರಬೇಕು ಅಂತ ಮ್ಯಾನೇಜರರ ಕಟ್ಟಪ್ಪಣೆ. ಆಯಿತೋ, ನಾಗವೇಣಿ ಕಾಯಂ. ಆಗಲಿಲ್ಲವೋ, ಕೆಲಸ ಹೊರಗಿನವರಿಗೆ, ಅವಳ ಗುತ್ತಿಗೆ ಅಲ್ಲಿಗೇ ಮುಗಿಯಿತು. ಶನಿವಾರದ ಹೊತ್ತಿಗೆ ನಾವಿಬ್ಬರೂ ಎಲ್ಲ ಜೋಡಿಸಿದ್ದೆವು. ಅದರ ಒಂದನೆಯ ದಾರಿಗೆ ಇದರ ಒಂದನೆಯದು, ಎರಡನೆಯದಕ್ಕೆ ಎರಡನೆಯದು, ನೋಡೋಕೆ ಎಷ್ಟು ಚೆಂದ! ಎಲ್ಲವೂ ಕೂಡಿದೆ ಅಂತಲೇ ಪರದೆ ಹೇಳುತ್ತಿತ್ತು. ಆದರೆ ಒಂದು ಅಕ್ಷರವೂ ಆಚೆ ದಾಟುತ್ತಿರಲಿಲ್ಲ. ಮರುದಿನ ಸೊರಬದಲ್ಲಿ ನನ್ನ ತಮ್ಮನ ನಿಶ್ಚಿತಾರ್ಥ, ತಪ್ಪಿಸುವ ಹಾಗಿಲ್ಲ. ಅವಳೊಬ್ಬಳನ್ನೇ ಬಿಟ್ಟು ಹೊರಟೆ.

ಭಾನುವಾರ ಬೆಳಿಗ್ಗೆ ಸೊರಬಕ್ಕೆ ಹೋಗುವಾಗ ನಮ್ಮ ವ್ಯಾನು ಹೂವು ಹಣ್ಣಿಗೆ ಅಂತ ಶಿರಾಳಕೊಪ್ಪದಲ್ಲಿ ನಿಂತಿತು. ನಾನು ಎಸ್‌ಟಿಡಿ ಬೂತಿಗೆ ಓಡಿ ಫೋನು ಮಾಡಿದೆ. "ಏನೂ ಆಗ್ತಿಲ್ಲ ಅಕ್ಕಾ" ಅಂದವಳೇ ನಾಗವೇಣಿ ಅಳತೊಡಗಿದಳು.

"ಅಳೋದಕ್ಕೆ ಸಂಬಳ ಕೊಡ್ತಾರೇನೇ? ಮತ್ತೊಂದ್ಸಲ ನೋಡು" ಅಂತ ಗದರಿಸಿ ಇಟ್ಟೆ. ನನಗೆ ಬರುತ್ತಿದ್ದ ಸಮಾಧಾನದ ಮಾತು ಅಷ್ಟೇ.

ಸೊರಬದಲ್ಲಿ ಹೆಣ್ಣಿನ ಮನೆಯವರು ಬಹಳ ಮರ್ಯಾದಸ್ಥರು. ನಮ್ಮ ಸೋದರಮಾವನೂ ಮರ್ಯಾದೆಯಲ್ಲಿ ಯಾರಿಗೂ ಸೋಲುವವನಲ್ಲ. ತಟ್ಟೆ ಬದಲಾಯಿಸುವ ಹೊತ್ತಿಗೆ ಎಲೆ, ಅಡಿಕೆ, ಕೊಬ್ಬರಿ ತುಂಬಿದ ತಟ್ಟೆ ಹಿಡಿದು ಇವನೂ ಎದ್ದ, ಹೆಣ್ಣಿನ ಚಿಕ್ಕಪ್ಪನೂ ಎದ್ದರು. "ಮೊದಲು ನಮ್ದು ತಗಳ್ರಿ", "ಇಲ್ಲ ಇಲ್ಲ, ನಮ್ಮದು". ಇಬ್ಬರ ಎರಡೂ ಕೈ ತುಂಬಿವೆ, ತಟ್ಟೆಗೆ ತಟ್ಟೆ ತಾಗಿ ಅಡಿಕೆ ಉರುಳಿತು. ನಮ್ಮ ಕಡೆಯ ಅಯ್ಯನೋರು ನಕ್ಕುಬಿಟ್ಟರು. "ಅಲ್ರೀ, ಇಬ್ರೂ ಕೊಡಾಕೇ ನಿಂತ್ರೆ ತಗಳ್ಳೋರು ಯಾರ್ರೀ?"

ಎಲ್ಲರೂ ನಗುತ್ತಿದ್ದರೆ ನನಗೆ ಥಟ್ಟನೆ ಹೊಳೆಯಿತು. ಅಯ್ಯೋ ಶಿವನೇ! ನಾವು ಮಾಡಿದ್ದೂ ಇದೇ ಅಲ್ಲವೇ? ಕಳಿಸುವುದನ್ನು ಕಳಿಸುವುದಕ್ಕೆ, ತೆಗೆದುಕೊಳ್ಳುವುದನ್ನು ತೆಗೆದುಕೊಳ್ಳುವುದಕ್ಕೆ ಕಟ್ಟಿಟ್ಟಿದ್ದೆವು. ಒಂದರ ಕಳಿಸುವುದನ್ನು ಇನ್ನೊಂದರ ತೆಗೆದುಕೊಳ್ಳುವುದಕ್ಕೆ ಅಡ್ಡಡ್ಡ ಜೋಡಿಸಬೇಕಿತ್ತು.

ಸೆರಗು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಬೂತಿಗೆ ಓಡಿದೆ. ಬೂತಿನವನು ಕೈ ಅಲ್ಲಾಡಿಸಿದ. "ನಿನ್ನೆಯಿಂದ ಲೈನೇ ಇಲ್ಲ ಮಾರಾಯ್ರೆ. ರಸ್ತೆ ಅಗೆಯುವವ್ರು ಕೇಬಲ್ ಕಡಿದು ಹಾಕಿದಾರೆ. ಊರಿಗೆ ಊರೇ ಸತ್ತು ಕೂತಿದೆ." ಆದರೂ ಕೇಳದೆ ಎತ್ತಿದೆ. ಗುಂಯ್ ಅನ್ನುವ ಸದ್ದೂ ಇಲ್ಲ. ಸಿಟ್ಟಿಗೆ ನಂಬರು ಒತ್ತಿದೆ. ಏನೂ ಇಲ್ಲ. ಕೊನೆಗೆ ಹುಚ್ಚಿಯ ಹಾಗೆ ಆ ಸತ್ತ ಫೋನಿಗೇ ಹೇಳಿದೆ: "ನಾಗವೇಣಿ, ಅಡ್ಡ ಜೋಡಿಸೇ. ಇದರ ಒಂದನೇದನ್ನ ಅದರ ಎರಡನೇದಕ್ಕೆ ಹಾಕು." ಅಷ್ಟೇ ಹೇಳಿ ಕುಕ್ಕಿದೆ.

"ಆ ಕಡೆಯವ್ರು ಎತ್ತಿದ್ರಾ?" ಅಂತ ಬೂತಿನವನು ನಕ್ಕ.

ಹೋಳಿಗೆ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ವಾಪಸು ಶಿರಾಳಕೊಪ್ಪಕ್ಕೆ ಬಂದು ಫೋನು ಮಾಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ಕಡೆ ಯಾರೂ ಎತ್ತಲಿಲ್ಲ. ಮುಗಿಯಿತು ಇವಳ ಕಥೆ ಅಂದುಕೊಂಡೆ.

ಸೋಮವಾರ ಹೋಗಿ ನೋಡುತ್ತೇನೆ, ಎಲ್ಲ ಮಷೀನುಗಳೂ ನೆಟ್‌ವರ್ಕಿನಲ್ಲಿ! ಮ್ಯಾನೇಜರರು ಎಲ್ಲರಿಗೂ ಕಾಫಿ ಹೇಳಿದ್ದರು. ನಾಗವೇಣಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನಿನ್ನೆ ಮಧ್ಯಾಹ್ನ ನೀವು ಫೋನ್ ಮಾಡದೇ ಇದ್ದಿದ್ರೆ ನಾನು ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ತಿದ್ದೆ."

"ಬೆಳಿಗ್ಗೆ ಮಾಡಿದ್ದೆ ಕಣೇ" ಅಂದೆ.

"ಅದಲ್ಲ. ಆಮೇಲೆ ಮಾಡಿ 'ಅಡ್ಡ ಜೋಡಿಸೇ' ಅಂದ್ರಲ್ಲ, ಅದು. ಕೊನೆಗೆ 'ಹೆದರಬೇಡ ಮಗಾ, ನಾನಿದ್ದೀನಿ' ಅಂದ್ರಿ ನೋಡಿ, ಕಣ್ಣೊರೆಸ್ಕೊಂಡು ಮತ್ತೆ ಕೆಲಸಕ್ಕೆ ಕೂತೆ."

ಸೊರಬದಲ್ಲಿ ಲೈನೇ ಸತ್ತಿತ್ತು ಅಂದೆ. "ಹೋಗ್ರೀ ಅಕ್ಕಾ, ತಮಾಷೆ" ಅಂತ ಅವಳು ನಕ್ಕಳು. ಮದುವೆ ಮಾತಿಗೆ ಮತ್ತೆ ಸೊರಬಕ್ಕೆ ಹೋದಾಗ ಬೂತಿನವನನ್ನು ಕೇಳಿದೆ. ಅವನಿಗೆ ನನ್ನ ನೆನಪಿತ್ತು. ಆ ವಾರವೆಲ್ಲ ಊರಲ್ಲಿ ಒಂದು ಫೋನೂ ಉಸಿರಾಡಲಿಲ್ಲ ಅಂದ.

ಅಡ್ಡ ಜೋಡಿಸುವುದು ಅವಳಿಗೇ ಹೊಳೆದಿರಬಹುದು, ಜಾಣೆ. ಅತ್ತು ದಣಿದ ಕಿವಿಗೆ ನನ್ನ ದನಿ ಕೇಳಿದ ಹಾಗೆ ಆಗಿರಬಹುದು. ಅಷ್ಟನ್ನು ಒಪ್ಪಿಕೊಂಡೇನು. ಆದರೆ ನನ್ನ ದನಿಯನ್ನು ಅವಳು ಊಹಿಸಿಕೊಂಡಿದ್ದರೆ ಬೈಗುಳ ಕೇಳಿಸಬೇಕಿತ್ತಲ್ಲ? 'ಹೆದರಬೇಡ ಮಗಾ' ಅನ್ನುವ ಮಾತು ಅವತ್ತಿನವರೆಗೆ ನನ್ನ ಬಾಯಲ್ಲಿ ಯಾರಿಗೂ ಬಂದದ್ದಿಲ್ಲ. ಸತ್ತ ಫೋನಿಗೂ ನಾನು ಅದನ್ನು ಹೇಳಿರಲಿಲ್ಲ.

ಯಾರು ಹೇಳಿದರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರಿಗೆ ಕೈ ಮುಗಿಯುತ್ತೇನೆ. ನಾಗವೇಣಿ ಕಾಯಂ ಆದಳು, ತಂಗಿಯರನ್ನು ಓದಿಸಿದಳು. ಈಗಲೂ ಆಗಾಗ ಫೋನು ಮಾಡುತ್ತಾಳೆ. ಮಾತೆಲ್ಲ ಮುಗಿದ ಮೇಲೂ ಇಡುವುದಿಲ್ಲ, ಸುಮ್ಮನೆ ಕಾಯುತ್ತಾಳೆ. "ಹೆದರಬೇಡ ಮಗಾ, ನಾನಿದ್ದೀನಿ" ಅನ್ನುತ್ತೇನೆ. ಆಮೇಲೆ ಇಡುತ್ತಾಳೆ.